ಕ ವರ್ಗದ ಎಂಟು ಎಂಜಿನುಗಳ ಚರಿತ್ರೆ

ನಮ್ಮೂರಿನ ಟ್ರಾಮ್ ಎಂಜಿನುಗಳ ಚರಿತ್ರೆ ಬರೆದವನು ನಾನೇ. ನಲವತ್ತೆರಡು ಪುಟ. ಪುರಸಭೆಯವರೇ ಅಚ್ಚು ಹಾಕಿಸಿದ್ದಾರೆ. ಒಳಗಿರುವ ಅಧ್ಯಕ್ಷರ ಭಾವಚಿತ್ರ ಎಂಜಿನ್ನಿನ ಚಿತ್ರಕ್ಕಿಂತ ದೊಡ್ಡದಾಗಿದೆ. ಆ ಪುಸ್ತಕದ ಮೊದಲನೇ ವಾಕ್ಯವನ್ನು ಬಿಟ್ಟರೆ ಮಿಕ್ಕಿದ್ದು ನಿಜವೋ ಸುಳ್ಳೋ ಎಂದು ಯಾರಾದರೂ ಕೇಳಿದರೆ ನಾನು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೊದಲನೇ ವಾಕ್ಯ ಮಾತ್ರ ನೂರಕ್ಕೆ ನೂರು ಸರಿ: 'ಕ ವರ್ಗದ ಎಂಜಿನುಗಳು ಎಂಟು, ಒಂದೊಂದಕ್ಕೂ ಎರಡು ಮುಖ.' ಅದನ್ನು ಬರೆದ ನಾನೇ ಅದನ್ನು ಮರೆತೆ. ಮರೆತದ್ದರಿಂದ ಏನಾಯಿತು ಎಂಬುದು ಪುಸ್ತಕದಲ್ಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕ ವರ್ಗದ ಎಂಜಿನ್ನು ರೈಲಿನದರ ಹಾಗೆ ಉದ್ದ ಮೂತಿಯದಲ್ಲ. ಚೌಕನೆಯ ಒಂದು ಕಬ್ಬಿಣದ ಕೋಣೆ, ಮೇಲೊಂದು ಮೋಟು ಹೊಗೆಕೊಳವೆ. ಜಟಕಾ ಕುದುರೆಗಳು ಕಂಡು ಬೆದರಬಾರದೆಂದು ಚಕ್ರಗಳ ಸುತ್ತ ನೆಲ ಮುಟ್ಟುವಷ್ಟು ತಗಡು ಇಳಿಬಿಟ್ಟಿದ್ದರು. ಕೆಲಸ ಮುಗಿಸಿದ ಹಬೆಯನ್ನು ಬೀದಿಗೆ ಉಗುಳದೆ ಛಾವಣಿಯ ಮೇಲಿನ ಕೊಳವೆಗಳಲ್ಲಿ ಸುತ್ತಾಡಿಸಿ ತಣಿಸುತ್ತಿತ್ತು. ನಮ್ಮ ಬೀದಿಗಳಲ್ಲಿ ಎಂಜಿನ್ನು ತಿರುಗಿಸಲು ಜಾಗವಿಲ್ಲ. ಅದಕ್ಕೇ ಅದಕ್ಕೆ ಹಿಂದು ಮುಂದು ಅನ್ನುವುದೇ ಇರಲಿಲ್ಲ. ಎರಡು ತುದಿಗೂ ಒಂದೊಂದು ಕಿಟಕಿ, ಒಂದೊಂದು ದೀಪ, ಒಂದೊಂದು ಹಿತ್ತಾಳೆಯ ನಂಬರು ಫಲಕ. ಡ್ರೈವರು ನಡುಮಧ್ಯೆ ನಿಂತು, ಎದೆಯೆತ್ತರದ ಒಂದೇ ಬ್ರೇಕ್ ಚಕ್ರ ಹಿಡಿದು, ಹೋಗುವ ಕಡೆ ಮುಖ ಮಾಡುತ್ತಿದ್ದ.

ಪ್ರತಿ ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದಾಗ ನಂಬರುಗಳು ಬದಲಾಗಿರುತ್ತಿದ್ದವು. ನಿನ್ನೆ ಐದಾಗಿದ್ದದ್ದು ಇವತ್ತು ಎರಡು, ನಿನ್ನೆಯ ಎರಡು ಇವತ್ತು ಏಳು. ಸುಣ್ಣದಲ್ಲಿ ಗುರುತು ಹಾಕಿದರೆ ಸುಣ್ಣವೂ ಬೇರೆ ಎಂಜಿನ್ನಿನ ಮೇಲಿರುತ್ತಿತ್ತು, ದಾರ ಕಟ್ಟಿದರೆ ದಾರವೂ. ಕಾದು ನೋಡುತ್ತೇವೆಂದು ಕೂತವರಿಗೆಲ್ಲ ಸರಿಯಾಗಿ ಆ ಹೊತ್ತಿಗೆ ನಿದ್ದೆ ಹತ್ತುತ್ತಿತ್ತು. ಆದರೆ ಯಾವ ನಂಬರು ಎಲ್ಲಿಗೆ ಹೋಗಬೇಕು ಎಂಬುದು ಬದಲಾಗುತ್ತಿರಲಿಲ್ಲ. ಒಂದು ಅಂದರೆ ಸಂತೆಮಾಳ, ಮೂರು ಅಂದರೆ ಕೆರೆ ಏರಿ, ಎಂಟು ಅಂದರೆ ಹತ್ತಿ ಗಿರಣಿ. ಹೀಗಾಗಿ ಡ್ರೈವರುಗಳು ಮುಂಜಾನೆ ಷೆಡ್ಡಿನೊಳಗೆ ತಮ್ಮ ತಮ್ಮ ಎಂಜಿನ್ನನ್ನು ಮೂಸಿ, ತಟ್ಟಿ, ಚಕ್ರ ತಿರುಗಿಸಿ ಹುಡುಕಿಕೊಂಡು, ಆಮೇಲೆ ನಂಬರು ನೋಡಿ, 'ಓಹೋ, ಇವತ್ತು ಗಿರಣಿ' ಎಂದು ಹೊರಡುತ್ತಿದ್ದರು. ಅವರ ಹೆಂಡತಿಯರು ಎಂಟೂ ದಾರಿಗೆ ಕಿವಿಯಿಟ್ಟು, ಗಂಡನ ಎಂಜಿನ್ನಿನ ಸದ್ದು ಕೇಳಿದ ಕಡೆಗೆ ಬುತ್ತಿ ಹಿಡಿದುಕೊಂಡು ಓಡುತ್ತಿದ್ದರು. ನಾವು ಹುಟ್ಟಿದಾಗಿನಿಂದ ಕಂಡದ್ದೇ ಇದು. ಬೇರೆ ಊರಿನಲ್ಲಿ ನಂಬರು ಒಂದೇ ಕಡೆ ಇರುತ್ತದಂತೆ ಎಂದು ಯಾರಾದರೂ ಹೇಳಿದರೆ ನಾವು ಪಾಪ ಅಂದುಕೊಳ್ಳುತ್ತಿದ್ದೆವು.

ಇದರಿಂದ ಊರಲ್ಲಿ ಎರಡು ಪಂಗಡವಾಗಿತ್ತು. ಟ್ರಾಮು ಅಂದರೆ ನಂಬರೇ, ಕಬ್ಬಿಣ ಬರೀ ಅದು ಉಡುವ ಬಟ್ಟೆ ಎನ್ನುವವರು ನಂಬರಿನವರು. ಕಬ್ಬಿಣವೇ ನಿಜ, ನಂಬರು ಮನೆಮನೆ ತಿರುಗುವ ಬೆಕ್ಕು ಎನ್ನುವವರು ಕಬ್ಬಿಣದವರು. ನಮ್ಮದು ಕಬ್ಬಿಣದ ಮನೆ, ನನ್ನ ಹೆಂಡತಿ ಪುಟ್ಟಸಿದ್ದಮ್ಮ ನಂಬರಿನ ಮನೆಯವಳು. ನಮ್ಮ ಮದುವೆ ದಿನ ದಿಬ್ಬಣ ಯಾವ ಟ್ರಾಮಿನಲ್ಲಿ ಬರಬೇಕೆಂದು ಎರಡೂ ಕಡೆಯವರು ಜಗಳವಾಡಿ, ಕೊನೆಗೆ ಎಲ್ಲರೂ ನಡೆದುಕೊಂಡೇ ಬಂದರು. ಒಂದು ವಿಷಯದಲ್ಲಿ ಮಾತ್ರ ಎರಡು ಪಂಗಡಕ್ಕೂ ಒಂದೇ ಮಾತು: ಮನುಷ್ಯರು ನಂಬರಿಗೆ ಕೈ ಹಾಕಬಾರದು. ಹಾಕಿದವನನ್ನು ಯಾವ ಟ್ರಾಮಿಗೂ ಹತ್ತಿಸಬಾರದು.

ಮೋಟಾರು ಬಸ್ಸುಗಳು ಬಂದ ಮೇಲೆ ಪುರಸಭೆಯವರು ಟ್ರಾಮು ನಿಲ್ಲಿಸಿದರು. ಏಳು ಎಂಜಿನ್ನು ಒಡೆದು ಕಬ್ಬಿಣ ಕರಗಿಸುವುದು, ಮೂರನೇ ನಂಬರನ್ನು ಉದ್ಯಾನದಲ್ಲಿ ಇಡುವುದು ಎಂದು ತೀರ್ಮಾನವಾಯಿತು. ಯಾಕೆ ಮೂರು ಅಂದರೆ, ಜ್ವರದ ವರ್ಷದಲ್ಲಿ ನಲವತ್ತು ದಿನ ಕಾಯಿಲೆಯವರನ್ನು ಕೆರೆ ಏರಿಯ ಆಚೆಗಿನ ಶಿಬಿರಕ್ಕೆ ಹೊತ್ತದ್ದು ಮೂರನೇ ನಂಬರು. ಅದರ ಹೆಸರು ಹೇಳಿ ಕೈಮುಗಿಯುವವರು ಈಗಲೂ ಇದ್ದಾರೆ. ದಾಖಲೆ ಕೋಣೆಯ ಗುಮಾಸ್ತನಾದ ನನಗೆ ಚರಿತ್ರೆ ಬರೆಯಲು ಅಪ್ಪಣೆಯಾಯಿತು. ನಾನು ಆ ನಲವತ್ತು ದಿನದ ಹಾಳೆಗಳನ್ನೆಲ್ಲ ತೆಗೆದೆ, ಬದುಕಿರುವ ಡ್ರೈವರುಗಳನ್ನೆಲ್ಲ ಕೇಳಿದೆ. ಎಲ್ಲರೂ ತಾವೇ ಹೊತ್ತದ್ದು ಎಂದರು. ಎಲ್ಲರೂ ಹೇಳಿದ್ದು ನಿಜವೇ. ನಲವತ್ತು ದಿನದಲ್ಲಿ ಎಂಟೂ ಎಂಜಿನ್ನು ಸರದಿಯಂತೆ ಮೂರಾಗಿದ್ದವು.

ಇದನ್ನು ಅಧ್ಯಕ್ಷರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಸೀಬಯ್ಯ, ಮೂರು ಅಂದ್ರೆ ಒಂದೇ ಅಂತ ಬರೀರಿ. ಎಂಟಾದ್ರೆ ಪಾರ್ಕಲ್ಲಿ ಎಲ್ರೀ ಜಾಗ?" ಎಂದರು.

ಆ ವಾರವೇ ಬುಡನ್ ಸಾಬರು ದಾಖಲೆ ಕೋಣೆಗೆ ಬಂದದ್ದು. ಮೂವತ್ತೆಂಟು ವರ್ಷ ಡ್ರೈವರಾಗಿದ್ದವರು. ಕಣ್ಣು ಮಂಜಾಗಿ ಈಗ ಅವರಿಗೆ ಮನುಷ್ಯರು ಬರೀ ನೆರಳಾಗಿ ಕಾಣುತ್ತಿದ್ದರು. ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಬಂದು ಕುರ್ಚಿ ಹುಡುಕಿ ಕೂತರು.

"ಸೀಬಣ್ಣ, ಚರಿತ್ರೆ ಬರೀತಿದ್ದೀಯಂತೆ. ಅದ್ರಲ್ಲಿ ನನ್ನ ಗಾಡಿ ಉಳೀಬೇಕು ಅಂತ ಬರಿ."

"ಯಾವುದು ಉಳೀಬೇಕು ಅನ್ನೋದು ನನ್ನ ಕೈಲಿಲ್ಲ ಸಾಬ್ರೇ. ಮೂರನೇ ನಂಬರು ಅಂತ ಆಗೋಗಿದೆ."

"ಆಗ್ಲಿ. ನನ್ನ ಗಾಡೀನೂ ಮೂರಾಗಿತ್ತು ಕಣಪ್ಪ, ಅವತ್ತು." ಅವರು ಮೇಜಿನ ಮೇಲೆ ಕೈ ಇಟ್ಟು, ಇಲ್ಲದ ಚಕ್ರವೊಂದನ್ನು ಹಿಡಿದವರಂತೆ ಬೆರಳು ಮಡಿಚಿದರು. "ಜ್ವರ ಅಂತ ಫೈರ್‌ಮನ್ನು ಹೆದರ್ಕೊಂಡು ಓಡೋದ. ಹಿಂದಿನ ಡಬ್ಬೀಲಿ ಇಪ್ಪತ್ತು ಜನ ಕಾಯಿಲೆಯೋರು. ನಮ್ಮನೆಯೋಳು ಮಾಬೂಬಿನೂ ಅವ್ರ ಜೊತೇಲೇ ಇದ್ಲು. ನಾನೊಬ್ನೇ ಕಲ್ಲಿದ್ದಲು ಹಾಕ್ಲಾ, ಬ್ರೇಕ್ ಹಿಡೀಲಾ? ಅವಳೇ ಎದ್ದು ಎಂಜಿನ್ನಿಗೆ ಬಂದ್ಲು. ಏರಿ ಇಳಿಯೋ ಕಡೆ ಚಕ್ರ ಸುತ್ತಮ್ಮ ಅಂದೆ. ಮೈಯೆಲ್ಲಾ ಕೆಂಡ ಅವಳ್ದು. ಅರ್ಧ ಸುತ್ತಿದ್ಲು, ನಿಂತ್ಲು, ಉಸಿರು ತಗೊಂಡ್ಲು. ಆಮೇಲೆ ಮಿಕ್ಕರ್ಧ ಸುತ್ತಿದ್ಲು. ಗಾಡಿ ನಿಂತ್ಕೊಂತು. ಮೂರನೇ ದಿನ ಶಿಬಿರದಲ್ಲಿ ಹೋಗ್ಬಿಟ್ಲು."

ನಾನು ನೀರಿನ ಲೋಟವನ್ನು ಅವರ ಕೈಗೆ ಕೊಟ್ಟೆ.

"ಅವಳು ಹೋದ ಮಾರನೇ ದಿನದಿಂದ ಆ ಚಕ್ರ ಅರ್ಧ ಸುತ್ತಿಗೆ ಬಂದು ಒಂದ್ಗಳಿಗೆ ನಿಲ್ಲುತ್ತೆ. ಆಮೇಲೆ ತಾನೇ ಬಿಡುತ್ತೆ. ಎಷ್ಟು ಎಣ್ಣೆ ಬಿಟ್ರೂ ಅಷ್ಟೇ. ಆಮೇಲೆ ನಾನೂ ಎಣ್ಣೆ ಬಿಡೋದು ಬಿಟ್ಟೆ. ಬೇರೆ ಏಳು ಗಾಡೀಲಿ ಹಂಗಿಲ್ಲ, ಬೇಕಾದ್ರೆ ನೋಡು."

ನಾನು ಗುಮಾಸ್ತ, ನೋಡದೆ ನಂಬುವವನಲ್ಲ. ಷೆಡ್ಡಿಗೆ ಹೋಗಿ ಎಂಟೂ ಚಕ್ರ ತಿರುಗಿಸಿದೆ. ಏಳು ಸರಾಗ ತಿರುಗಿದವು. ಮಿಕ್ಕ ಒಂದು ಅರ್ಧಕ್ಕೆ ಬಂದು ನಿಂತಿತು. ಬಲ ಹಾಕಿದರೂ ಅಲುಗಲಿಲ್ಲ. ಕೈ ಸಡಿಲ ಬಿಟ್ಟು ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಮುಂದಕ್ಕೆ ತಿರುಗಿತು. ಇದನ್ನು ಉಳಿಸಬೇಕು ಎಂದು ಅಲ್ಲೇ ನಿಂತು ತೀರ್ಮಾನ ಮಾಡಿಕೊಂಡೆ.

ಒಡೆಯುವ ಕೆಲಸಕ್ಕೆ ಬೇರೆ ಊರಿನಿಂದ ಕಾಳಪ್ಪ ಮೇಸ್ತ್ರಿ ಬಂದ. ದಿನಕ್ಕೊಂದು ಎಂಜಿನ್ನು, ನಂಬರಿನ ವರಸೆಯಲ್ಲಿ: ಒಂದು, ಎರಡು, ಮೂರು ಬಿಟ್ಟು ನಾಲ್ಕು, ಹೀಗೆ. ನಂಬರುಗಳು ಬೆಳಿಗ್ಗೆ ಬೆಳಿಗ್ಗೆ ಜಾಗ ಬದಲಿಸುತ್ತವೆ, ಇದರಿಂದ ಯಾವ ಎಂಜಿನ್ನು ಉಳಿಯುತ್ತದೆಂದು ದೇವರಿಗೂ ಗೊತ್ತಾಗುವುದಿಲ್ಲ ಎಂದು ಒಬ್ಬರಾದರೂ ಆಕ್ಷೇಪಿಸಬೇಕಿತ್ತು. ನಂಬರಿನವರಿಗೆ ಅದು ಆಕ್ಷೇಪಿಸುವ ವಿಷಯವೇ ಅಲ್ಲ. ಕಬ್ಬಿಣದವರು, ಹೇಗೂ ಏಳು ಹೋಗುತ್ತವಲ್ಲ ಎಂದು ಬೇಜಾರಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಕಾಳಪ್ಪನಿಗೆ ಹೇಳಹೋದರೆ, "ನಂಬರು ಓಡಾಡುತ್ತಾ? ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕೊಂಡು ಬಂದಿದ್ದೀರಾ ಸ್ವಾಮಿ?" ಎಂದು ನಕ್ಕ.

ಹಾಗಾಗಿ ನಾನೂ ಬುಡನ್ ಸಾಬರೂ ಕಾಗೆ ಕೂಗುವ ಹೊತ್ತಿಗೆ ಷೆಡ್ಡಿನಲ್ಲಿರುತ್ತಿದ್ದೆವು. ಅವರು ಒಂದೊಂದೇ ಎಂಜಿನ್ನು ಹತ್ತಿ ಚಕ್ರ ತಿರುಗಿಸುವುದು. ಅರ್ಧಕ್ಕೆ ನಿಂತದ್ದು ಸಿಕ್ಕಿದ ಕೂಡಲೆ, "ಇಲ್ಲಿದ್ದಾಳೆ, ನಂಬರು ನೋಡು" ಎನ್ನುವುದು. ನಾನು ಕೆಳಗಿನಿಂದ ಕೂಗುವುದು. ಮೊದಲ ದಿನ ಆಕೆ ಏಳಾಗಿದ್ದಳು, ಒಂದು ಒಡೆದರು. ಎರಡನೇ ದಿನ ಐದು. ಮೂರನೇ ದಿನ ಮೂರೇ ಆಗಿದ್ದಳು, ಅವತ್ತು ನಾವಿಬ್ಬರೂ ಬನ್ನು ತಿಂದು ಚಹಾ ಕುಡಿದೆವು. ಐದನೇ ದಿನ ಒಂದು ಚಕ್ರ ತಿರುಗಿಸಿ, ಇನ್ನೊಂದು ತಿರುಗಿಸಿ, ಎಲ್ಲವೂ ಸರಾಗ ಓಡಿದಂತಾಗಿ ಸಾಬರ ಮುಖ ಬಿಳಿಚಿಕೊಂಡಿತು. ಕೊನೆಯದರಲ್ಲಿ ಸಿಕ್ಕಿದಳು. ಬಾಯಿಬಿಟ್ಟು ಹೇಳದಿದ್ದರೂ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಆರು ದಿನ ಹೀಗೇ ದಾಟಿದವು.

ಏಳನೇ ದಿನ ಷೆಡ್ಡಿನಲ್ಲಿ ಎರಡೇ ಉಳಿದಿದ್ದವು, ಎಂಟು ಮತ್ತು ಮೂರು. ಒಡೆಯುವುದು ಎಂಟು. ಸಾಬರು ಒಂದನ್ನು ಹತ್ತಿದರು, ಚಕ್ರ ಅರ್ಧಕ್ಕೆ ನಿಂತಿತು. "ನಂಬರು?" ಎಂದರು.

"ಎಂಟು ಸಾಬ್ರೇ."

ಅವರು ಕೆಳಗಿಳಿದು ಬಂದು ಎಂಜಿನ್ನಿನ ತಗಡಿಗೆ ಹಣೆ ಒತ್ತಿ ನಿಂತರು. ಆಮೇಲೆ, "ಹೋಗ್ಲಿ ಬಿಡು, ನಿನ್ನ ಕೈಲಾದಷ್ಟು ಮಾಡ್ದೆ" ಎಂದರು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಸ್ಪ್ಯಾನರು ಬಿದ್ದಿತ್ತು. ನಮ್ಮಪ್ಪ, ನಮ್ಮ ತಾತ, ಯಾರೂ ಮಾಡದ ಕೆಲಸವನ್ನು ನಾನು ಮಾಡಿದೆ. ಅವಳ ಎಂಟನ್ನು ಬಿಚ್ಚಿ, ಪಕ್ಕದವಳ ಮೂರನ್ನು ಬಿಚ್ಚಿ, ಅದಲು ಬದಲು ಹಾಕಿದೆ. ಕೈ ಜಾರಿ ಒಂದು ನಟ್ಟು ಉರುಳಿ ಹೋಯಿತು, ಅದನ್ನು ಹುಡುಕಿ ತಂದು ಬಿಗಿದೆ. ಸಾಬರು ಬೀದಿ ಬಾಗಿಲಲ್ಲಿ ಕಾವಲು ನಿಂತಿದ್ದರು. ಮುಗಿದಾಗ ಹಿತ್ತಾಳೆಯ ಮೂರು ಅವಳ ಮುಖದ ಮೇಲೆ ಹೊಳೆಯುತ್ತಿತ್ತು. ಸಾಬರು ಅದರ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವವರಂತೆ, "ಮೂರು" ಎಂದರು. ನಂತರ ಅವರು ಮನೆಗೆ ಹೋದರು. ನಾನು ಕೈ ತೊಳೆದು, ಚರಿತ್ರೆಯ ಕೊನೆಯ ಪುಟ ಓದಿ ತೋರಿಸಲು ಅಧ್ಯಕ್ಷರ ಮನೆಗೆ ಹೋದೆ.

ಆರು ದಿನವೂ ಕಾಳಪ್ಪ ಬೀದಿ ಬಾಗಿಲಿನಿಂದ ಬಂದಿದ್ದ. ಅವತ್ತು ಕೊನೆಯ ದಿನವಾದ್ದರಿಂದ ಕೆರೆ ಕಡೆಯ ಕಂಬಿಗಳನ್ನು ಕಿತ್ತುಕೊಂಡು ಹಿಂಬಾಗಿಲಿನಿಂದ ಬಂದ. ಅಲ್ಲಿಂದ ಬಂದವನಿಗೆ ಕಂಡದ್ದು ಎಂಜಿನುಗಳ ಇನ್ನೊಂದು ಮುಖ. ಆ ಕಡೆ ಅವಳ ಮೇಲೆ ಎಂಟು ಹಾಗೇ ಇತ್ತು.

ಮಧ್ಯಾಹ್ನ ಷೆಡ್ಡಿನ ಹತ್ತಿರ ಬರುವಾಗ ಸುತ್ತಿಗೆ ಸದ್ದು ಅವಳು ನಿಂತಿದ್ದ ಎಡಗಡೆಯಿಂದ ಬರುತ್ತಿತ್ತು. ಬಲಗಡೆಯಿಂದ ಬರಬೇಕಿತ್ತು. ಓಡಿದೆ. ಬಾಯ್ಲರು ಆಗಲೇ ಸೀಳಿತ್ತು, ಮೂರರ ಫಲಕವಿದ್ದ ತಗಡು ನೆಲದಲ್ಲಿ ಮೇಲ್ಮೊಗವಾಗಿ ಬಿದ್ದಿತ್ತು. ನಾನು ಏನು ಕೂಗಿದೆನೋ ನೆನಪಿಲ್ಲ. ಕಾಳಪ್ಪ ಸುತ್ತಿಗೆ ಇಳಿಸಿ, "ನಂಗೇನ್ ಸ್ವಾಮಿ ಗೊತ್ತು? ಎಂಟು ಅಂತಿತ್ತು, ಒಡ್ದೆ" ಎಂದ. ಅವನದೇನೂ ತಪ್ಪಿಲ್ಲ. ಒಂದೊಂದಕ್ಕೂ ಎರಡು ಮುಖ ಎಂದು ಅಚ್ಚಿಗೆ ಕೊಟ್ಟವನು ನಾನು, ಒಂದೇ ಮುಖದ ನಂಬರು ಬದಲಿಸಿ ಕೈ ತೊಳೆದವನೂ ನಾನು.

ಸುದ್ದಿ ಕೇಳಿ ಸಾಬರು ಬಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಬ್ಬಿಣದ ರಾಶಿಯಲ್ಲಿ ತಡಕಿ ಬ್ರೇಕ್ ಚಕ್ರ ಹುಡುಕಿದರು. ಅಲ್ಲಿ ಏಳು ಚಕ್ರಗಳು ಬಿದ್ದಿದ್ದವು. ಒಂದೊಂದನ್ನೇ ಎತ್ತಿ ಬೆರಳಿಗೆ ಸಿಕ್ಕಿಸಿ ತಿರುಗಿಸಿದರು. ಅಚ್ಚಿನಿಂದ ಬಿಚ್ಚಿದ ಚಕ್ರಗಳು, ಏಳೂ ಸಮನಾಗಿ ತಿರುಗಿದವು. "ಯಾವುದು ಅಂತ ಗೊತ್ತಾಗ್ತಾ ಇಲ್ಲ ಸೀಬಣ್ಣ" ಎಂದರು. ಅದೇ ಕೊನೆ, ಆಮೇಲೆ ಅವರು ನಮ್ಮ ಬೀದಿಗೇ ಬರಲಿಲ್ಲ.

ಉಳಿದವಳ ಮೇಲೆ ನನ್ನ ಕೈಕೆಲಸದಿಂದ ಒಂದು ಕಡೆ ಎಂಟು, ಇನ್ನೊಂದು ಕಡೆ ಮೂರು ಇತ್ತು. ಮಾರನೇ ಬೆಳಿಗ್ಗೆ ನೋಡಿದರೆ ಎರಡು ಕಡೆಯೂ ಮೂರು. ಯಾರೂ ಸರಿ ಮಾಡಿರಲಿಲ್ಲ. ಅವಳನ್ನು ಉದ್ಯಾನಕ್ಕೆ ಎಳೆದು ತಂದು ಹೂವಿನ ಪಾತಿಯ ನಡುವೆ ನಿಲ್ಲಿಸಿದರು. ಅಧ್ಯಕ್ಷರು ಭಾಷಣ ಮಾಡಿದರು, ಜ್ವರದ ವರ್ಷ ಬದುಕಿ ಉಳಿದ ಮುದುಕಿಯರು ಎಂಜಿನ್ನಿಗೆ ಕುಂಕುಮ ಹಚ್ಚಿದರು. ನಾನು ಮೆಲ್ಲಗೆ ಹತ್ತಿ ಚಕ್ರ ತಿರುಗಿಸಿದೆ, ಸರಾಗ ಓಡಿತು. ಒಡೆದ ಏಳರ ಫಲಕಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿ ದಾಖಲೆ ಕೋಣೆಯಲ್ಲಿಟ್ಟು ಬೀಗ ಹಾಕಿದೆ.

ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ, ನಂಬರಿಗೆ ಕೈ ಹಾಕಿದ್ದನ್ನೂ. ಅವಳು ಕೆನ್ನೆಗೆ ಕೈ ಕೊಟ್ಟು ಕೂತಳು. ನಂಬರಿನ ಮನೆಯವಳು, ತವರಿಗೆ ಹೋಗಿಬಿಡುತ್ತಾಳೆ ಅಂದುಕೊಂಡೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸುತ್ತಾ, "ಅಲ್ಲಾರೀ, ನಂಬರು ಓಡಾಡುತ್ತೆ ಅಂತ ನೀವಂತೀರಿ. ನಂಬರು ನಿಂತಲ್ಲೇ ನಿಂತು, ಎಂಜಿನ್ನೇ ಒಳಗೊಳಗೆ ಓಡಾಡ್ತಿದ್ರೆ? ನೋಡ್ದೋರು ಯಾರು?" ಎಂದಳು. ನಂಬರಿನವರ ಹಳೇ ವಾದ ಇದಲ್ಲ, ಕಬ್ಬಿಣದವರದೂ ಅಲ್ಲ. ನನ್ನ ತಲೆ ಇನ್ನಷ್ಟು ಕೆಟ್ಟಿತು. ಅನ್ನ ಕಲಸಿ ತಿಂದೆ.

ಒಂದು ತಿಂಗಳಾಗಿರಬಹುದು. ಉದ್ಯಾನದ ಮಾಲಿ ಬಂದು, "ಗುಮಾಸ್ತ್ರೇ, ನಿಮ್ಮ ಮೂರು ಐದಾಗಿದೆ" ಎಂದ. ಹೋಗಿ ನೋಡಿದೆ. ಎರಡು ಕಡೆಯೂ ಐದು. ದಾಖಲೆ ಕೋಣೆಗೆ ಬಂದು ಬೀಗ ತೆಗೆದು ಪೆಟ್ಟಿಗೆ ನೋಡಿದರೆ ಅದರಲ್ಲಿ ಐದು ಇಲ್ಲ, ಮೂರಿದೆ. ಮಾರನೇ ದಿನ ಉದ್ಯಾನದಲ್ಲಿ ಒಂದು. ಅದರ ಮಾರನೇ ದಿನ ಏಳು. ಅಧ್ಯಕ್ಷರು ಬೋರ್ಡು ಬರೆಯುವವನಿಂದ ಮೂರು ಎಂದೇ ಬರೆಸಿದ್ದರು. ಈಗ ಬೋರ್ಡಿನದು ಒಂದು ಮಾತು, ಫಲಕದ್ದು ಇನ್ನೊಂದು ಮಾತು, ಜನ ಎರಡಕ್ಕೂ ಕೈ ಮುಗಿದು ಹೋಗುತ್ತಾರೆ.

ನಾನು ದಿನಾ ಬೆಳಿಗ್ಗೆ ಕಚೇರಿಗೆ ಮುಂಚೆ ಹೋಗಿ ಚಕ್ರ ತಿರುಗಿಸತೊಡಗಿದೆ. ಯಾಕೆಂದು ಕೇಳಿದರೆ ಹೇಳಲು ನಾಚಿಕೆ. ಒಂದು ದಿನ, ಒಡೆದ ಎಂಜಿನುಗಳಲ್ಲಿ ಏರಿನಲ್ಲಿ ಏದುಸಿರು ಬಿಡುತ್ತಿದ್ದವಳೊಬ್ಬಳ ಹಾಗೆ ಇಡೀ ಎಂಜಿನ್ನು ಎಡಕ್ಕೆ ವಾಲಿತ್ತು. ಇನ್ನೊಂದು ದಿನ ಸಂತೆಮಾಳದ ಡ್ರೈವರನ ಬೀಡಿ ವಾಸನೆ ಬಂತು, ಆತ ತೀರಿಹೋಗಿ ನಾಲ್ಕು ವರ್ಷ. ಚಕ್ರ ಮಾತ್ರ ಪ್ರತಿ ದಿನವೂ ಸರಾಗ ತಿರುಗುತ್ತಿತ್ತು. ಒಂಬತ್ತನೆಯದೋ ಹತ್ತನೆಯದೋ ದಿನ, ಅರ್ಧ ಸುತ್ತಿಗೆ ನಿಂತಿತು. ನಾನು ಕೈ ತೆಗೆಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಬಿಟ್ಟುಕೊಂಡಿತು. ಚರಿತ್ರೆಕಾರನೆಂಬ ಮನುಷ್ಯ ಅವತ್ತಿನ ನಂಬರು ಎಷ್ಟೆಂದು ನೋಡಬೇಕಿತ್ತು. ನೋಡಲಿಲ್ಲ, ಸಾಬರ ಮನೆಗೆ ಓಡಿದೆ.

ಅವರು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು, ಬೆರಳಲ್ಲೇ. ಹೇಳಿದ್ದನ್ನೆಲ್ಲ ಕೇಳಿ ಮೊರ ಪಕ್ಕಕ್ಕಿಟ್ಟರು.

"ಒಡೆದಿದ್ದನ್ನ ನಾನು ಮುಟ್ಟಿ ನೋಡಿದ್ದೀನಿ ಸೀಬಣ್ಣ. ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ."

"ಸುಳ್ಳೋ ನಿಜವೋ ನಂಗೂ ಗೊತ್ತಿಲ್ಲ ಸಾಬ್ರೇ. ನಿಮ್ಮ ಕೈ ಹೇಳ್ಲಿ. ಬೇಗ ಬನ್ನಿ, ನಾಳೆ ಇರಲ್ಲ."

ದಾರಿಯುದ್ದಕ್ಕೂ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ನನಗೆ ಭಯ, ನಾವು ಹೋಗುವಷ್ಟರಲ್ಲಿ ಬದಲಾಗಿಬಿಟ್ಟಿದ್ದರೆ ಎಂದು. ಉದ್ಯಾನದಲ್ಲಿ ಮಾಲಿ ನೀರು ಹಾಯಿಸುತ್ತಿದ್ದ. ಬೆಂಕಿಯಿಲ್ಲದ, ನೀರಿಲ್ಲದ ಎಂಜಿನ್ನು ತಣ್ಣಗೆ ನಿಂತಿತ್ತು. ಸಾಬರು ಮೆಟ್ಟಿಲು ತಡಕಿ ಹತ್ತಿ, ತಾವು ಮೂವತ್ತೆಂಟು ವರ್ಷ ನಿಂತ ಜಾಗದಲ್ಲಿ ನಿಂತು, ಚಕ್ರ ಹಿಡಿದು ತಿರುಗಿಸಿದರು. ಅರ್ಧಕ್ಕೆ ಬಂದು ನಿಂತಿತು. ನಾನು ಕೆಳಗಿನಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಚಕ್ರ ಸಡಿಲವಾಗುವ ಹೊತ್ತು ಆಯಿತು, ಆದರೂ ಅವರು ತಿರುಗಿಸಲಿಲ್ಲ.

"ಸಾಬ್ರೇ, ಇನ್ನು ಬಿಡುತ್ತೆ, ತಿರುಗ್ಸಿ" ಎಂದೆ.

"ಇರು," ಎಂದರು. "ಉಸಿರು ತಗೊಳ್ಲಿ. ಏನ್ ಅವಸರ ಈಗ?"